ಗೌರಾಬಾಯಿ ಹೋಟೆಲಿನ ಕರೆಂಟು

ಆಳಂದದ ಆ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಫರಹತ ನಮಾಜು ಮುಗಿಸಿ, ಚಾಪೆ ಮಡಚಿಟ್ಟು, ಮೊದಲು ನೋಡುವುದು ಗೋಡೆಯ ಪ್ಲಗ್ಗನ್ನು. ಅಲ್ಲೊಂದು ಬಿಳಿ ಅಡಾಪ್ಟರು, ಅದರಿಂದ ಇಳಿದ ದಪ್ಪ ಕೇಬಲ್ಲು, ತುದಿಯಲ್ಲಿ ಲ್ಯಾಪ್‌ಟಾಪು. ಕೇಬಲ್ಲಿಗೆ ಕೆಂಪು ದಾರ ಕಟ್ಟಿದೆ. ದಾರವನ್ನು ಬೆರಳಿನಿಂದ ಮುಟ್ಟಿ, ಬ್ಯಾಟರಿ ತುಂಬಿದೆಯೆಂದು ಖಾತ್ರಿಯಾದ ಮೇಲೆಯೇ ಆಕೆ ಒಲೆಯ ಕಡೆ ಹೋಗುತ್ತಾಳೆ.

“ನನ್ನ ಮಗಳ ಮೊಬೈಲಿನ ಕೇಬಲ್ಲೂ ಇದರಂಗೇ ಕಾಣ್ತದ್ರಿ. ಎರಡೂ ಟೈಪ್-ಸಿ. ಬಾಯಿ ಒಂದೇ, ಕಸುವು ಬ್ಯಾರೆ. ಅದಕ್ಕ ಗುರುತಿಗೆ ದಾರ ಕಟ್ಟೇನಿ,” ಎನ್ನುತ್ತಾಳೆ.

ತಾಲ್ಲೂಕು ಕಚೇರಿಯ ಹೊರಗೆ ಕೂತು ಅರ್ಜಿ ಟೈಪು ಮಾಡಿಕೊಡುವುದು ಫರಹತಳ ಕಸುಬು. ಗೋಡೆಗೆ ಒತ್ತಿದ ಟೇಬಲು, ತಲೆಯ ಮೇಲೆ ತಾಡಪತ್ರಿ. ಪಹಣಿಯಲ್ಲಿ ಹೆಸರು ತಪ್ಪಾದವರು, ವಿಧವಾ ವೇತನ ನಿಂತವರು, ಮಕ್ಕಳನ್ನು ಹಾಸ್ಟೆಲಿಗೆ ಹಾಕಬೇಕಾದವರು ಬಂದು ಎದುರಿಗೆ ಕೂರುತ್ತಾರೆ. ಅವರು ಅರ್ಧ ಉರ್ದುವಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳಿಕೊಂಡ ಗೋಳು ಆಕೆಯ ಕೈಯಲ್ಲಿ “ಮಾನ್ಯರೇ” ಎಂದು ಶುರುವಾಗುವ ಒಂದು ಪುಟವಾಗುತ್ತದೆ. ದಿನಕ್ಕೆ ಹತ್ತು ಹದಿನೈದು ಅರ್ಜಿ. ಅರ್ಜಿಯಡಿ ಬರೆದವರ ಹೆಸರು ಇರುವುದಿಲ್ಲ.

ಈ ವಿದ್ಯೆ ತಂದೆ ಖಾದರಸಾಬರಿಂದ ಬಂದದ್ದು. ಅವರದು ಟೈಪ್‌ರೈಟರು. ಅವರು ತೀರಿಕೊಂಡ ಮೇಲೆ ಫರಹತ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪು ಕೊಂಡಳು. ಅದರ ಬ್ಯಾಟರಿ ಸತ್ತಿತ್ತು. ಚಾರ್ಜರಿನ ಪಿನ್ನು ಸ್ವಲ್ಪ ಅಲುಗಿದರೂ ಪರದೆ ಕಪ್ಪಾಗಿ, ಬರೆದದ್ದೆಲ್ಲ ಹೋಗುತ್ತಿತ್ತು. ಹಾಗಾಗಿ ಕರೆಂಟು ಸಿಗುವ ಕಡೆಯೇ ಕೂರಬೇಕಿತ್ತು. ಜಾಗ ಕೊಟ್ಟವರು ಕಚೇರಿಯ ಹಳೇ ಗೇಟಿನ ಎದುರು ಚಹಾದ ಹೋಟೆಲು ನಡೆಸುತ್ತಿದ್ದ ಗೌರಾಬಾಯಿ.

ಹಣೆತುಂಬ ವಿಭೂತಿ ಹಚ್ಚಿಕೊಳ್ಳುವ ಆ ಹಿರಿಯಾಕೆ ಒಳಗಿನಿಂದ ವೈರು ಎಳೆಸಿ, ಕಿಟಕಿಯ ಬಳಿ ಒಂದು ಪ್ಲಗ್ಗು ಕೂರಿಸಿಕೊಟ್ಟರು. ಗಿರಾಕಿಗಳು ಅಲ್ಲಿ ಫೋನು ಚಾರ್ಜಿಗೆ ಹಾಕಲು ಹೋದರೆ, “ಅದು ಫರಹತಂದು ಅದ, ಬಿಡ್ರಿ,” ಎನ್ನುತ್ತಿದ್ದರು. ಕರೆಂಟು ಹೋದರೆ ಇಬ್ಬರಿಗೂ ಬಿಡುವು. ಇಬ್ಬರೂ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತ ಕೂರುತ್ತಿದ್ದರು. ತನ್ನ ಗಂಡ ಇನ್ನೊಬ್ಬಳ ಜೊತೆ ಮನೆ ಮಾಡಿದ ಸಂಗತಿಯನ್ನು ಫರಹತ ತಾಯಿಗಿಂತ ಮೊದಲು ಗೌರಾಬಾಯಿಗೆ ಹೇಳಿದ್ದು ಆ ಮೊರದ ಮುಂದೆ. ರೋಜಾ ತಿಂಗಳಲ್ಲಿ ಸಂಜೆಯಾಗುತ್ತಲೇ ಟೇಬಲಿನ ತುದಿಯಲ್ಲಿ ಬಾಳೆಹಣ್ಣು, ತಂಬಿಗೆ ನೀರು ಬಂದಿರುತ್ತಿದ್ದವು.

ಎರಡು ವರ್ಷದ ಕೆಳಗೆ ಹೊಸ ಲ್ಯಾಪ್‌ಟಾಪು ಬಂತು. ಅಂಗೈಯಷ್ಟೇ ಅಡಾಪ್ಟರು, ಜೊತೆಗೊಂದು ದೊಡ್ಡ ಪವರ್ ಬ್ಯಾಂಕು. ಮನೆಯಲ್ಲಿ ಎರಡನ್ನೂ ತುಂಬಿಸಿಕೊಂಡು ಹೊರಟರೆ ಸಂಜೆಯವರೆಗೆ ಯಾರ ಪ್ಲಗ್ಗಿನ ಹಂಗೂ ಇಲ್ಲ. ಅಷ್ಟರಲ್ಲಿ ಜನ ಹಿಂದಿನ ಗೇಟಿನಿಂದ ಓಡಾಡತೊಡಗಿದ್ದರು. ಫರಹತ ಟೇಬಲು ಅತ್ತ ಒಯ್ದಳು.

“ಹೋಗ್ ಬೇ. ಮಂದಿ ಇದ್ದಲ್ಲಿ ಕೂಡಬೇಕು,” ಎಂದರಂತೆ ಗೌರಾಬಾಯಿ. “ಚಹಾಕ್ಕ ಬರ್ತಿರು.”

ಮೊದಲ ವಾರ ಹೋದಳು. ಆಮೇಲೆ ಗಿರಾಕಿ ಬಿಡಲಿಲ್ಲ. ಇವತ್ತಲ್ಲ ನಾಳೆ ಎಂದುಕೊಳ್ಳುತ್ತಲೇ ಒಂದು ಮಳೆಗಾಲ ಕಳೆಯಿತು. ಅರ್ಜಿಗಾಗಿ ಕಾಯುತ್ತ ಚಹಾ ಕುಡಿಯುತ್ತಿದ್ದವರೂ ಟೇಬಲಿನ ಹಿಂದೆಯೇ ಹೋಗಿದ್ದರು. ಅದು ಫರಹತಳ ಗಮನಕ್ಕೆ ಬರಲಿಲ್ಲ.

ಒಂದು ದಿನ ನರೋಣಾದ ಅಮರನಾಥ ಎಂಬವರು ಮಗಳ ಹಾಸ್ಟೆಲಿನ ಅರ್ಜಿಗೆ ಬಂದರು. ಅಂದೇ ಕೊನೆಯ ದಿನ. ಹಿಂದಿನ ರಾತ್ರಿ ಫರಹತ ಗೊತ್ತಿಲ್ಲದೆ ಲ್ಯಾಪ್‌ಟಾಪಿಗೆ ಮಗಳ ಮೊಬೈಲಿನ ಚಾರ್ಜರು, ಕೇಬಲ್ಲು ಹಾಕಿದ್ದಳು. ಚಾರ್ಜಾಗುತ್ತಿದೆ ಎಂಬ ಗುರುತೇನೋ ಬಂದಿತ್ತು, ಬ್ಯಾಟರಿ ಮಾತ್ರ ತುಂಬಿರಲಿಲ್ಲ. ಪವರ್ ಬ್ಯಾಂಕೂ ಖಾಲಿ. ಅರ್ಜಿ ಅರ್ಧಕ್ಕೆ ನಿಂತಿತು. ಚೀಲದಲ್ಲಿದ್ದ ಲ್ಯಾಪ್‌ಟಾಪಿನ ಅಡಾಪ್ಟರು ಹಿಡಿದು, ಅಮರನಾಥರನ್ನು ಕರೆದುಕೊಂಡು, ಫರಹತ ಹಳೇ ಗೇಟಿನ ಕಡೆ ಓಡಿದಳು. ಬೇರೆ ಕಡೆ ಹೋಗಬಹುದೆಂದು ಆಕೆಗೆ ಹೊಳೆಯಲೇ ಇಲ್ಲ.

ಹೋಟೆಲಿಗೆ ಬೀಗ. ಪಕ್ಕದ ಸೈಕಲ್ ಅಂಗಡಿಯ ದೌಲತರಾಯರು ತಮ್ಮಲ್ಲೇ ಪ್ಲಗ್ಗು ಕೊಟ್ಟರು. ಅರ್ಜಿ ಮುಗಿಯಿತು, ಮುಂದೆ ಹುಡುಗಿಗೆ ಹಾಸ್ಟೆಲೂ ಸಿಕ್ಕಿತು. ಅಮರನಾಥರು ಹೋದ ಮೇಲೆ ಫರಹತ ಕೇಳಿದಳು, “ಗೌರವ್ವ ಎಲ್ರಿ ಕಾಕಾ?”

“ಆಕಿ ಹೋಗಿ ತಿಂಗಳಾತಲ್ಲವ್ವ. ಯಾಪಾರ ನಡೀಲಿಲ್ಲ, ಮೊಣಕಾಲೂ ಕೈ ಕೊಟ್ಟವು. ಅಂದೋಲಾಕ್ಕ, ಮಗಳ ಮನೀಗಿ ಹೋಗ್ಯಾಳ,” ಎಂದರು ದೌಲತರಾಯರು. ಮತ್ತೆ ಸೇರಿಸಿದರು: “ಕಡೀತನ ಆ ಕಿಟಕಿ ಪ್ಲಗ್ಗಿಗಿ ಯಾರಿಗೂ ಕೈ ಹಚ್ಚಗೊಡಲಿಲ್ಲ. ಫರಹತ ಬಂದ್ರ ಬೇಕಾಗ್ತದ ಅಂತಿದ್ಲು.”

ಫರಹತ ಲ್ಯಾಪ್‌ಟಾಪು ಮುಚ್ಚಿದಳು. ಆ ದಿನ ಮತ್ತೆ ಟೇಬಲಿಗೆ ಹೋಗಲಿಲ್ಲ.

ಮುಂದಿನ ಭಾನುವಾರ ಕಲಬುರಗಿ, ಜೇವರ್ಗಿ ದಾಟಿ ಬಸ್ಸು ಬದಲಿಸುತ್ತ ಅಂದೋಲಾಕ್ಕೆ ಹೋದಳು. ಗೌರಾಬಾಯಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. “ಬಿಸಿಲಾಗ ಬಂದೀದಿ, ಮೊದಲ ನೀರ ಕುಡಿ,” ಎಂದರು. ಫರಹತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದಳು. “ನಂದು ತಪ್ಪಾತವ್ವ,” ಎಂದು ಶುರು ಮಾಡಿದರೆ, ಅವರು ಫರಹತಳ ಮಗಳು ನೂರೀನ ಈಗ ಯಾವ ಇಯತ್ತೆ ಎಂದು ಕೇಳಿದರು.

ಈಗಲೂ ರಜೆ ಸಿಕ್ಕಾಗ ಹೋಗುತ್ತಾಳೆ. ಮತ್ತೆ ಹೋಟೆಲು ತೆರೆಯುವ ಶಕ್ತಿ ಗೌರಾಬಾಯಿಯವರಿಗಿಲ್ಲ. ಕಿವಿಯೂ ಮಂದವಾಗಿದೆ, ಎರಡು ಸಲ ಹೇಳಬೇಕು.

ಮುಂದೆ ಏನಾಸೆ ಎಂದು ಕೇಳಿದರೆ, ಟೇಬಲು ಒರೆಸುತ್ತಿದ್ದ ಫರಹತ ಬಟ್ಟೆ ಕೆಳಗಿಡುತ್ತಾಳೆ.

“ಯಾಕ್ ಬರಲಿಲ್ಲ ಬೇ ಅಂತ ಗೌರವ್ವ ಒಮ್ಮಿ ಬೈದಿದ್ರ ಛಲೋ ಇತ್ರಿ,” ಎನ್ನುತ್ತಾಳೆ. “ಬೈಯಂಗೇ ಇಲ್ರಿ. ಉಂಡು ಹೋಗು ಅಂತಾರ.”