ಹೇಳಿದವರು: ಚಿನ್ನಸಾಮಿ

ನನ್ನ ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳುವುದಿಲ್ಲ. ಬರೆಯಲು ಅಡ್ಡಿಯಿಲ್ಲ: ನಂಜುಂಡನ್. ಕೊಳ್ಳೇಗಾಲದಿಂದ ಮದುವೆಯಾಗಿ ಅವಿನಾಶಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಇವರ ಮನೆಮಾತು ಕನ್ನಡವೇ, ಆದರೆ ಈ ಮನೆಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಹಾಗಾಗಿ ಇಲ್ಲಿ ಅವರ ಬಗ್ಗೆ ಏನು ಬರೆದರೂ ಕೇಳುವವರಿಲ್ಲ.

ಅರ್ಧ ಕನಸಿನಲ್ಲೇ ಓಡಾಡುವ ಮನುಷ್ಯ. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ದಾರಿಯಲ್ಲಿ ಮುಂದಿನ ಲಾರಿಯ ಬೆನ್ನಿನ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ ಕಂಡರೆ ಸ್ಕೂಟರ್ ತಾನಾಗಿ ನಿಧಾನವಾಗುತ್ತದೆ. ಹಿಂದೆ ಕೂತ ನಾನು ಬೆನ್ನಿಗೆ ಗುದ್ದಿದರೆ ಮತ್ತೆ ಓಡುತ್ತದೆ. ಊಟಕ್ಕೆ ಕೂತಾಗಲೂ ಹಾಗೆಯೇ, ತುತ್ತು ಕೈಯಲ್ಲಿ, ಮನಸ್ಸು ಎಲ್ಲೋ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಸುತ್ತ ಇದ್ದವರೆಲ್ಲ ಜಿಎಸ್‌ಎಂ, ಎಸ್‌ಪಿಐ, ಎಕ್ಯೂಎಲ್ ಎಂದು ಮಾತಾಡಿಕೊಳ್ಳುವಾಗ ಇವರು ಎಲ್ಲದಕ್ಕೂ ತಲೆಯಾಡಿಸಿ ಹೊರಬರುತ್ತಿದ್ದರಂತೆ. ಆ ನಾಚಿಕೆಯಿಂದ ಹುಟ್ಟಿದ್ದು 'ಅಂದ್ರೆ' ಎಂಬ ಪುಟ್ಟ ಪ್ರೋಗ್ರಾಂ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತಲು ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಅಂದ್ರೆ ಎಂದು ಟೈಪ್ ಮಾಡಿ, ಪಕ್ಕದಲ್ಲಿ ಅರ್ಥವಾಗದ ಅಕ್ಷರಗಳನ್ನು ಹಾಕಿ ಎಂಟರ್ ಒತ್ತಬೇಕು. ಅದರ ಪೂರ್ತಿ ರೂಪ ಬರುತ್ತದೆ, ಕೆಳಗೆ ಒಂದು ಸಾಲು ವಿವರಣೆ. ಕೊನೆಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಮನೆಮಾತಿನಲ್ಲಿ, 'ಹೇಳಿದವರು' ಎಂದು ಒಂದು ಹೆಸರು.

ಆ ಹೆಸರಿಗಾಗಿಯೇ ಇವರ ಕೆಲಸ ಆಮೆಯ ನಡಿಗೆ. ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನು ಇವರು ಸೇರಿಸುವುದಿಲ್ಲ. ಆ ಅಕ್ಷರಗಳನ್ನು ದಿನವೂ ಬಳಸುವ ಒಬ್ಬರ ಬಾಯಿಂದ ಕೇಳಬೇಕು, ಆಮೇಲೆಯೇ ಸಾಲು ಒಳಗೆ ಹೋಗುವುದು. ಹದಿನಾಲ್ಕು ವರ್ಷದಿಂದ ಪ್ರತಿದಿನ ಬೆಳಗ್ಗೆ ಕಾಫಿ ಆರುವವರೆಗೆ ಅದನ್ನು ತಿದ್ದುತ್ತಾ ಕೂರುತ್ತಾರೆ. ಯಾರು ಬೇಕಾದರೂ ಬಳಸಲಿ ಎಂದು ಅದನ್ನು ಇಂಟರ್ನೆಟ್ಟಿನಲ್ಲೂ ಇಟ್ಟಿದ್ದಾರೆ. ಯಾವುದೋ ದೇಶದವರೊಬ್ಬರು ಆ ಕೊನೆಯ ಸಾಲು ದಂಡ, ತೆಗೆದುಬಿಡಿ ಎಂದು ಬರೆದಿದ್ದರು. ನೇಯ್ದ ಬಟ್ಟೆಗೆ ಗುರುತು ಬೇಡವೇ ಎಂದು ಇವರು ಉತ್ತರ ಬರೆದರು. ಆ ಮನುಷ್ಯನಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ.

ಆ ಮಾತು ಈ ಮನೆಯದು. ಇವರದು ನೇಕಾರರ ಮನೆ. ಸೀರೆ ಮುಗಿದು ಮಗ್ಗದಿಂದ ಕತ್ತರಿಸುವ ಮೊದಲು ತುದಿಯಲ್ಲಿ ಕೆಂಪು ನೂಲಿನಿಂದ ಒಂದು ತಮಿಳು ಅಕ್ಷರ ನೇಯುತ್ತಿದ್ದರು, ಯಾರ ಮನೆಯ ಮಗ್ಗದ್ದು ಎಂದು ನೂಲು ಕೊಟ್ಟವರಿಗೆ ತಿಳಿಯಲಿ ಎಂದು. ನನ್ನ ಅತ್ತೆ ಮುತ್ತಮ್ಮಾಳ್ ನಲವತ್ತು ವರ್ಷ ನೇಯ್ದವರು. ಓದು ಬರಹ ಬಾರದಿದ್ದರೂ ಎಳೆ ಎಣಿಸಿ ಎಣಿಸಿ ಆ ಅಕ್ಷರವನ್ನು ಮೂಡಿಸುತ್ತಿದ್ದರು. ಅಕ್ಷರ 'ಮಾ'. ಮಾವ ಮಾರಪ್ಪನ್ ಅವರದು.

ಇನ್ನು ಸೆಲ್ಲಮ್ಮಕ್ಕ. ಪಕ್ಕದ ಬೀದಿಯವರು, ಬನಿಯನ್ ಕಂಪನಿಯ ಚೆಕ್ಕಿಂಗ್‌ನಲ್ಲಿ ಮೂವತ್ತು ವರ್ಷ ನಿಂತು ಹೊಲಿಗೆಯ ತಪ್ಪು ಹಿಡಿದವರು. ಒಂದು ಅಂಗುಲಕ್ಕೆ ಎಷ್ಟು ಹೊಲಿಗೆ ಬೀಳಬೇಕು, ಎಷ್ಟು ತುಂಡು ಕೆಟ್ಟಿದ್ದರೆ ಇಡೀ ಲಾಟು ವಾಪಸ್, ಎಲ್ಲವೂ ಅವರ ನಾಲಿಗೆಯ ಮೇಲೆ. ಇವರು ಸಂಜೆ ಫೋನ್ ಮಾಡುತ್ತಾರೆ, ಅಕ್ಕ ಒಲೆಯ ಮುಂದೆ ನಿಂತೇ ಹೇಳುತ್ತಾರೆ. ಫೋನ್ ಅವರ ಗಂಡ ಚಿನ್ನಸಾಮಿಯದು. ಅನ್ನೂರಿನ ಕಡೆ ಟೌನ್ ಬಸ್ ಓಡಿಸಿ ನಿವೃತ್ತರಾದವರು, ಒಂದು ಗುಂಡಿ ಹೊಲಿಯಲೂ ಬಾರದ ಸಾಧು ಮನುಷ್ಯ.

ಹೋದ ತಿಂಗಳು ತಿರುಪ್ಪೂರಿನ ಒಂದು ಹೊಲಿಗೆ ತರಬೇತಿ ಕೇಂದ್ರದವರು 'ಅಂದ್ರೆ'ಯ ಸಾಲುಗಳನ್ನೆಲ್ಲ ಪುಸ್ತಕ ಮಾಡಿ ಕಲಿಯುವ ಹೆಣ್ಣುಮಕ್ಕಳಿಗೆ ಕೊಡುತ್ತೇವೆ ಎಂದರು. ಅತಿ ಹೆಚ್ಚು ಹೇಳಿದವರಿಗೆ ಪೊನ್ನಾಡೆ, ಅದೇ ಜರಿಯ ಶಾಲು, ಹೊದಿಸಿ ಮರ್ಯಾದೆ. ಇವರು ಮೂರು ದಿನ ನೆಲದ ಮೇಲೆ ಕಾಲಿಡಲಿಲ್ಲ. ಆಮಂತ್ರಣದ ಕಾರ್ಡು ಬಂದ ಶನಿವಾರ ಮಧ್ಯಾಹ್ನ ಸೆಲ್ಲಮ್ಮಕ್ಕ ನಮ್ಮ ಮನೆಗೆ ಬಂದು ಅದನ್ನು ಇವರ ಮುಂದೆ ಇಟ್ಟರು. ಸನ್ಮಾನಿತರು: ತಿರು ಚಿನ್ನಸಾಮಿ. ಹೇಳಿದ ಸಾಲುಗಳು ಇನ್ನೂರ ಹನ್ನೆರಡು.

"ನಂಜುಂಡಾ, ಅವರು ಬಸ್ ಓಡ್ಸಿದೋರು. ತಪ್ಪು ಹೊಲಿಗೆ ಹಿಡ್ದದ್ದು ನಾನು. ಅವರ ಪೇರು ಯಾಕೆ ಹಾಕ್ದೆ?"

ಇವರು ಪಿಳಿಪಿಳಿ ಕಣ್ಣು ಬಿಟ್ಟರು. ನಿಮ್ಮ ಮನೆಯ ಹೆಸರು ಅಂತ ಹಾಕಿದೆ ಅಕ್ಕಾ ಎಂದರು. ಸುಳ್ಳಲ್ಲ. ಹದಿನಾಲ್ಕು ವರ್ಷ ಅದರಲ್ಲಿ ತಪ್ಪೇನಾದರೂ ಇದೆ ಎಂದು ಈ ಮನುಷ್ಯನಿಗೆ ಹೊಳೆದೇ ಇರಲಿಲ್ಲ. ನನಗೆ ಸಿಟ್ಟು ಬಂತು. ಎಲ್ಲೋ ದೂರದವರೊಂದಿಗೆ ಹೆಸರಿಗಾಗಿ ಜಗಳವಾಡುವವರು ಪಕ್ಕದ ಬೀದಿಯ ಹೆಸರನ್ನೇ ನುಂಗಿಬಿಟ್ಟಿದ್ದರು.

"ಮನೆಗೆ ಕಣ್ಣಿದೆಯಾ ಕಣ್ಣು? ಹೊಲಿಗೆ ನೋಡ್ದದ್ದು ನನ್ ಕಣ್ಣು," ಎಂದರು ಸೆಲ್ಲಮ್ಮಕ್ಕ. ಆಮೇಲೆ, ಪುಸ್ತಕ ಹೀಗೇ ಅಚ್ಚಾದರೆ ಇನ್ನು ಮೇಲೆ ನನಗೆ ಫೋನ್ ಮಾಡಬೇಡ ಎಂದು ಮೆಲ್ಲಗೆ ಹೇಳಿ ಎದ್ದು ಹೋದರು.

ಸೋಮವಾರ ಬೆಳಗ್ಗೆ ಪುಸ್ತಕ ಅಚ್ಚಿಗೆ ಹೋಗುವುದಿತ್ತು. ಒಂದೇ ಆಜ್ಞೆಯಲ್ಲಿ ಎಲ್ಲ ಕಡೆ ಹೆಸರು ಬದಲಾಯಿಸಬಹುದು, ಆದರೆ ಕೆಲವು ಸಾಲುಗಳನ್ನು ಚಿನ್ನಸಾಮಿಯಣ್ಣನೇ ಹೇಳಿದ್ದರು. ಯಾವುದು ಯಾರದೆಂದು ಇವರಿಗೂ ಸರಿಯಾಗಿ ನೆನಪಿರಲಿಲ್ಲ. ಶನಿವಾರ ಸಂಜೆಯೇ ಇವರು ಅವರ ಮನೆಗೆ ಹೋಗಿ, ಒಂದೊಂದಾಗಿ ಓದುತ್ತೇನೆ, ನಿಮ್ಮದು ಯಾವುದೆಂದು ನೀವೇ ಹೇಳಿ ಎಂದು ಕೇಳಿಕೊಂಡು ಬಂದರು.

ಭಾನುವಾರ ನಮ್ಮ ಬೀದಿಯ ಮಗ್ಗಗಳಿಗೆ ರಜೆ. ಆ ದಿನ ಕಿವಿಗೆ ಏನೋ ಕಳೆದುಹೋದ ಹಾಗಿರುತ್ತದೆ. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಧೂಳು ಇಳಿಯಲೋ ಬೇಡವೋ ಎಂಬಂತೆ ತೇಲುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಬಂದು ಕೂತರು. ಚಿನ್ನಸಾಮಿಯಣ್ಣ ಪೊನ್ನಾಡೆಯ ವಿಷಯವನ್ನು ಟೀ ಅಂಗಡಿಯಲ್ಲೆಲ್ಲ ಹೇಳಿಬಿಟ್ಟಿದ್ದರಂತೆ, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಇವರು ಒಂದೊಂದೇ ಸಾಲು ಓದಿದರು. ಸೆಲ್ಲಮ್ಮಕ್ಕ ಕಣ್ಣು ಮುಚ್ಚಿ "ನಂದು" ಎಂದರು. ಮತ್ತೆ ಓದಿದರು. "ನಂದು." ಕೆಲವು ಸಾಲಿಗೆ ಯಾವ ಹುಡುಗಿ, ಯಾವ ಮಿಷನ್ನು, ಯಾವ ಮಳೆಗಾಲ ಎಂಬುದೂ ಅವರಿಗೆ ನೆನಪಾಗುತ್ತಿತ್ತು. ನಾನು ಎರಡು ಸಲ ಕಾಫಿ ಮಾಡಿದೆ. ಬಿಸಿಲು ಗೋಡೆ ಹತ್ತಿತು. ಬಸ್ಸಿನ ಎಫ್‌ಸಿ ಬಂದಾಗ ಚಿನ್ನಸಾಮಿಯಣ್ಣ ಶಾಲೆಯಲ್ಲಿ ಕೂತವರ ಹಾಗೆ ಕೈ ಎತ್ತಿದರು. ಕೊನೆಗೆ ಅವರಿಗೆ ಉಳಿದದ್ದು ಏಳು ಸಾಲು. ಏಳೇ ಸಾಕು, ಅವು ನಿಜವಾಗಿ ನನ್ನವು ಎಂದು ಅವರು ಹೇಳಿದಾಗ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

ಅವರು ಹೋದ ಮೇಲೆ ಇವರು ಕಂಪ್ಯೂಟರ್ ಮುಚ್ಚಲು ಕೈ ಹಾಕಿದರು. ಅಷ್ಟು ಹೊತ್ತೂ ಮೂಲೆಯ ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದ ಅತ್ತೆ, ನಿದ್ದೆ ಹೋಗಿದ್ದಾರೆ ಎಂದುಕೊಂಡಿದ್ದ ಅತ್ತೆ, ಇನ್ನೊಂದು ಸೇರಿಸು ಎಂದರು. ಸೀರೆಯ ತುದಿಯ 'ಮಾ'.

ಇವರು ಟೈಪ್ ಮಾಡಿ ಕೇಳಿದರು, "ಮಾ ಅಂದ್ರೆ ಏನಮ್ಮ?"

ಗಂಡನ ಹೆಸರನ್ನು ಅವರು ಜೀವಮಾನದಲ್ಲಿ ಒಮ್ಮೆಯೂ ಬಾಯಲ್ಲಿ ಹೇಳಿದವರಲ್ಲ. ಗೋಡೆಯ ಕಡೆ ತಿರುಗಿದ ಹಾಗೆಯೇ ಹೇಳಿದರು.

"ನಿಮ್ಮಪ್ಪನ ಪೇರು. ನೇಯ್ದದ್ದು ನಾನು."

ಇವರು ಅಷ್ಟನ್ನೂ ಹಾಗೆಯೇ ಹಾಕಿದರು, ಒಂದು ಮಾತನ್ನೂ ತಿದ್ದಲಿಲ್ಲ. ಆಮೇಲೆ ಎಂಟರ್ ಒತ್ತಿ, ಪರದೆಯ ಮೇಲೆ ಬಂದದ್ದನ್ನು ಅವರಿಗೆ ಕೇಳುವಂತೆ ಓದಿದರು. ಕೊನೆಯಲ್ಲಿ, ಹೇಳಿದವರು: ಮುತ್ತಮ್ಮಾಳ್.

ಅತ್ತೆ ಮಂಚದ ಮೇಲೆ ಎದ್ದು ಕೂತರು. ಕೊನೆಯ ಸಾಲನ್ನು ಮಾತ್ರ ಇನ್ನೊಮ್ಮೆ ಓದು ಎಂದರು.