ಹನ್ನೊಂದನೇ ಡ್ರೈವರ್

ಸಿರುಗುಪ್ಪದ ಲಾರಿ ಮಾಲೀಕ ಖಾಜಾಸಾಬರು ತಮ್ಮ ಹನ್ನೊಂದೂ ಡ್ರೈವರ್‌ಗಳನ್ನು ಕಟ್ಟಿಕೊಂಡು ಬಳ್ಳಾರಿಯ ನಮ್ಮ ಪುಟ್ಟ ಆಫೀಸಿಗೆ ನುಗ್ಗಿದರು. ಗಣಿ ಜೋರಾಗಿದ್ದ ಕಾಲ. ಅದಿರಿನ ಲಾರಿಗಳಿಗೆ ಆನ್‌ಲೈನಿನಲ್ಲಿ ಗೇಟ್ ಚೀಟಿ ಕೊಡುವ ಸಾಫ್ಟ್‌ವೇರ್ ನನ್ನದು. ಬೆಳಿಗ್ಗೆಯಿಂದ ಅದು ಅವರ ಡ್ರೈವರ್‌ಗಳ ಇಡೀ ಪಟ್ಟಿಯನ್ನೇ ವಾಪಸ್ ಕಳಿಸುತ್ತಿತ್ತು. ಲೋಡಾದ ಲಾರಿಗಳು ಗೇಟಿನಲ್ಲೇ ನಿಂತಿದ್ದವು.

ತೆರೆದು ನೋಡಿದೆ. ಕೋಡ್ ಬರೆದದ್ದು, ನಾವು ತುಂಬಿದ ನಿಯಮಗಳಿಂದ ತಾನೇ ಕೋಡ್ ತಯಾರಿಸುವ ಒಂದು ಟೂಲ್. ಒಂದು ಪಟ್ಟಿಗೆ ಹತ್ತೇ ಹೆಸರು ಎಂದು ನಾನು ಸುಮ್ಮನೆ ಕೊಟ್ಟಿದ್ದ ಮಿತಿಯನ್ನು ಅದು ನಿಷ್ಠೆಯಿಂದ ಪಾಲಿಸಿತ್ತು. ನಾನೋ, ಎರಡೇ ಹೆಸರು ಹಾಕಿ ಪರೀಕ್ಷಿಸಿ ಬೆನ್ನು ತಟ್ಟಿಕೊಂಡಿದ್ದೆ.

"ಸದ್ಯಕ್ಕ ಹತ್ತು ಮಂದೀದು ಕಳಸ್ರಿ, ಇನ್ನೊಬ್ರದು ಆಮ್ಯಾಲ ನೋಡೋಣು," ಅಂದೆ.

ಖಾಜಾಸಾಬರು ಎಲ್ಲರನ್ನೂ ನಮ್ಮ ಬೆಂಚಿನ ಮೇಲೆ ಕೂರಿಸಿದರು. ಅದು ಎಂಟು ಜನರ ಬೆಂಚು. ಒತ್ತಿ, ಸರಿದು, ಭುಜ ಓರೆ ಮಾಡಿ ಹನ್ನೊಂದೂ ಮಂದಿ ಕೂತೇಬಿಟ್ಟರು.

"ಈ ಕಟಗಿ ಬೆಂಚಿನಾಗ ಹಿಡದ್ರು. ನಿಮ್ಮ ಕಂಪ್ಯೂಟರ್‌ನಾಗ ಹಿಡಿಯಂಗಿಲ್ಲೇನ್ರಿ ಸರ?"

ಮಿತಿ ಬದಲಿಸಿ ಟೂಲನ್ನು ಮತ್ತೆ ಓಡಿಸಿದೆ. ಹತ್ತು ನಿಮಿಷದ ಕೆಲಸ. ಹನ್ನೊಂದೂ ಮಂದಿಯ ಚೀಟಿ ಬಂದವು.

ಈಗಲೂ ಕೋಡಿನಲ್ಲಿ ಮಿತಿ ಹಾಕುವಾಗಲೆಲ್ಲ, ಬೆಂಚಿನ ತುದಿಯಲ್ಲಿ ಅರ್ಧ ಗಾಳಿಯಲ್ಲೇ ಕೂತು ನಗುತ್ತಿದ್ದ ಆ ಹನ್ನೊಂದನೆಯವನು ಕಣ್ಣಮುಂದೆ ಬರುತ್ತಾನೆ. ಮೊದಲು ಅವನಿಗೆ ಜಾಗ ಮಾಡುತ್ತೇನೆ.