ಬಚ್ಚಪ್ಪನ ಜೇನುಮಂದೆ

ನಮ್ಮ ಮಾವ ಬಚ್ಚಪ್ಪ ಕುರಿ ಕಾಯುತ್ತಿದ್ದವನು. ಬೇತಮಂಗಲದ ಸುತ್ತ ಯಾರ ಹೊಲಕ್ಕೆ ಗೊಬ್ಬರ ಬೇಕಾದರೂ ಅವನಿಗೆ ಕರೆ ಬರುತ್ತಿತ್ತು. ಕೊಯ್ಲಾದ ಹೊಲದಲ್ಲಿ ಇಷ್ಟು ದಿನ ಎಂದು ಮಾತಾಡಿ, ರಾತ್ರಿ ಕುರಿ ತಂಗಿಸಿ ಮಂದೆ ಕಟ್ಟುವನು. ಹಿಕ್ಕೆ ಹೊಲಕ್ಕೆ, ಕೂಲಿಯ ರಾಗಿ ಅವನಿಗೆ. ನಲವತ್ತು ವರ್ಷದಲ್ಲಿ ಅವನ ಒಂದು ಕುರಿಯೂ ನಿಂತ ಪೈರಿಗೆ ಬಾಯಿ ಹಾಕಿರಲಿಲ್ಲ. ಆ ಜಂಬ ಅವನಿಗೆ ತಲೆತುಂಬ ಇತ್ತು.

ಐವತ್ತಾರನೆಯ ಇಸವಿಯ ಮಳೆಗಾಲದಲ್ಲಿ ರೋಗ ಬಂದು ಮಂದೆಗೆ ಮಂದೆಯೇ ಸತ್ತಿತು. ಮಂಡಿ ಹಿಡಿದ ಮುದುಕನನ್ನು ಕೂಲಿಗೆ ಯಾರು ಕರೆಯುತ್ತಾರೆ? ಅತ್ತೆ ಚಿಕ್ಕಮುನಿಯಮ್ಮನ ದುಡಿಮೆಯಲ್ಲೇ ಇಬ್ಬರ ಹೊಟ್ಟೆ ತುಂಬಬೇಕಾಯಿತು. ಎರಡು ವರ್ಷ ಕಳೆದ ಮೇಲೆ ಬಂಗಾರಪೇಟೆಯ ಒಂದು ಸೇವಾ ಸಂಘದ ಸೀನಪ್ಪ ಜೇನುಪೆಟ್ಟಿಗೆ ತಂದುಕೊಟ್ಟ. ಜೇನು ಇಳಿಸಿಕೊಟ್ಟರೆ ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ ಸಂಘವೇ ಮಾರಿಕೊಡುತ್ತದೆ ಎಂದ.

ಮಾವ ಮಾಡಿದ್ದೇನು ಗೊತ್ತೇ? ಮಾರನೆಯ ಬೆಳಿಗ್ಗೆ ಕೋಲು ಹಿಡಿದು, ಕುಂಟುತ್ತ, ಹುಳುಗಳನ್ನು ಮೇಯಿಸಲು ಹೊರಟ! ಊರೆಲ್ಲ ನಕ್ಕಿತು, ನಾನೂ ನಕ್ಕೆ. ಅವನು ಮಾತ್ರ ಮುಖ ಸಪ್ಪಗೆ ಮಾಡಿಕೊಂಡು ಮರಳಿದ. ಹುಳುಗಳು ಅಶ್ವತ್ಥಪ್ಪನ ಹುಚ್ಚೆಳ್ಳಿನ ಹೊಲಕ್ಕೆ ನುಗ್ಗಿದ್ದವು, ಹೂ ಬಿಟ್ಟು ನಿಂತ ಪೈರಿಗೆ.

“ಕೇಳ್ದೆ ಮೇಯ್ಸೋದು ಕಳ್ತನ. ಪೆಟ್ಗೆ ತಕಂಡೋಗು ಸಾಮಿ” ಎಂದು ಸೀನಪ್ಪನಿಗೆ ಹೇಳಿದ.

“ಅವು ಬೆಳೆ ತಿನ್ನಲ್ಲ ಬಚ್ಚಪ್ಪ. ಹುಳ ಕೂತ ಹೂವು ಕಾಳು ಜಾಸ್ತಿ ಕಟ್ತದೆ.”

“ಮೇದ ಒಲ ಎಂಗೆ ಎಚ್ಚಾಗ್ತದೆ?” ಮಾವನಿಗೆ ತಲೆಬುಡ ತಿಳಿಯಲಿಲ್ಲ.

ಅತ್ತೆಗೆ ರೇಗಿಹೋಯಿತು. “ಪೆಟ್ಗೆ ಓಗ್ಬುಟ್ರೆ ನನ್ ಕೂಲೀನೇ ಗತಿ. ನಂಗೂ ಕೈಲಾಗಲ್ಲ ಕಣಯ್ಯ” ಎಂದು ಅತ್ತೇಬಿಟ್ಟಳು. ಆ ಅಳುವಿಗೆ ಪೆಟ್ಟಿಗೆ ಉಳಿಯಿತು.

ಮೊದಲ ಜೇನನ್ನು ಮಾವ ತಪ್ಪುಕಾಣಿಕೆಯೆಂದು ಅಶ್ವತ್ಥಪ್ಪನ ಮನೆಗೇ ಒಯ್ದು ಕೊಟ್ಟ. ಅಶ್ವತ್ಥಪ್ಪ ಏಕೆ, ಏನು ಎಂದು ಕೇಳದೆ ತೆಗೆದುಕೊಂಡ. ಜೇನು ಬೇಡವೆನ್ನುವಷ್ಟು ದಡ್ಡನಲ್ಲ ಅವನು.

ಒಕ್ಕಣೆ ಮುಗಿದ ಮೇಲೆ ಅದೇ ಅಶ್ವತ್ಥಪ್ಪ ರಾಗಿ ಮೂಟೆ ಹೊತ್ತು ಬಾಗಿಲಿಗೆ ಬಂದ. ಜಗಳಕ್ಕೇ ಬಂದನೆಂದು ಮಾವ ದಿಗಿಲುಬಿದ್ದ.

“ಈ ಸಲ ಉಚ್ಚೆಳ್ಳು ಒಂದೂವರೆ ಪಟ್ಟು ಬಂತು ಕಣ್ಲಾ ಬಚ್ಚಾ. ಬರೋ ವರ್ಸ ನಿನ್ ಮಂದೆ ನಮ್ಮೊಲ್ದಾಗೇ ಕಟ್ಬೇಕು.”

ತಪ್ಪು ಮಾಡಿದವನು ತಾನು, ಕೂಲಿ ಬಂದದ್ದೂ ತನಗೇ! ಮಾವ ರಾಗಿಯನ್ನು ನೋಡಿದ, ಅಶ್ವತ್ಥಪ್ಪನನ್ನು ನೋಡಿದ, ಪೆಟ್ಟಿಗೆಯನ್ನೂ ನೋಡಿದ. ಸಾಯುವವರೆಗೂ ಆ ನ್ಯಾಯ ಅವನಿಗೆ ಅರ್ಥವಾಗಲೇ ಇಲ್ಲ. ಆದರೆ ‘ನಿನ್ನ ಮಂದೆ’ ಎಂಬ ಮಾತು ಕಿವಿಗೆ ಬಿದ್ದು ವರ್ಷಗಳೇ ಆಗಿದ್ದವು. ಒಳಗೆ ಹೋಗಿ ಕುರಿ ಕಾಯುತ್ತಿದ್ದಾಗಿನ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದ. ಕಣ್ಣೊರೆಸಿಕೊಂಡು, ಹಳೆಯ ಠೀವಿಯಲ್ಲೇ ಕೇಳಿದ:

“ಎಸ್ಟ್ ದಿನ ಕಟ್ಲಿ, ಗೌಡ?”